ಕೋರಿಗಳ ಹೊಟ್ಟೆ ಒಳಸೇರಿದೆ, ಸಕ್ಕರ್ ಮೀನು ರಾತ್ರಿ ಏಂಜಲ್ ಮೈಗೆ ಅಂಟುತ್ತಿದೆ: ತಳದ ಮೀನುಗಳಿಗೆ ಏನು ಕೊಡಬೇಕು?

ಕಲಬುರಗಿ ಮೀನಮನೆ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 3 ಅಡಿಯ ತೊಟ್ಟಿ ಇದೆ. ಮೇಲೆ 2 ಏಂಜಲ್, ಒಂದಷ್ಟು ಮೋಲಿ. ತಳದಲ್ಲಿ 6 ಕಂಚುಬಣ್ಣದ ಕೋರಿಡೋರಸ್ (ಕೋರಿ) ಮತ್ತು 1 ಸಕ್ಕರ್. "ಇವು ತೊಟ್ಟಿ ಸ್ವಚ್ಛ ಮಾಡುವ ಮೀನು, ಬೇರೆ ಆಹಾರ ಬೇಕಿಲ್ಲ, ಉಳಿದದ್ದನ್ನು ತಿಂದುಕೊಂಡು ಇರುತ್ತವೆ" ಎಂದು ಅಂಗಡಿಯವರು ಹೇಳಿ ಕೊಟ್ಟರು.

ಈಗ ಕೋರಿಗಳನ್ನು ಪಕ್ಕದಿಂದ ನೋಡಿದರೆ ಎದೆಯ ರೆಕ್ಕೆಯ ಹಿಂದೆ ಹೊಟ್ಟೆ ಗುಳಿ ಬಿದ್ದಂತೆ ಕಾಣುತ್ತದೆ. ಎರಡರ ಮೀಸೆ ಮೊಂಡಾಗಿದೆ. ಸಕ್ಕರ್ ರಾತ್ರಿ ಹೊತ್ತು ದೊಡ್ಡ ಏಂಜಲ್‌ನ ಪಕ್ಕೆಗೆ ಅಂಟಿಕೊಳ್ಳುತ್ತದೆ. ಆ ಜಾಗದಲ್ಲಿ ಬೆಳ್ಳಗೆ ಗುರುತು ಬಿದ್ದಿದೆ.

ಬೆಳಿಗ್ಗೆ ಕಚೇರಿಗೆ ಹೊರಡುವ ಮೊದಲು ತೇಲುವ ಕಾಳು ಹಾಕುತ್ತೇನೆ. ಸಂಜೆ ಅತ್ತೆಯವರು ಜೋಳದ ರೊಟ್ಟಿಯ ಚೂರು ಉದುರಿಸುತ್ತಾರೆ. ತಳಕ್ಕೆ ಬಣ್ಣದ ದಪ್ಪ ಜಲ್ಲಿ ಹಾಸಿದೆ, ಮೀನು ಅಡಗಲೆಂದು ಶಹಾಬಾದ್ ಕಲ್ಲಿನ ತುಂಡುಗಳಿಂದ ಗವಿ ಮಾಡಿದೆ. ನೀರು ಬೋರ್‌ವೆಲ್‌ನದು. ಇದು ರೋಗವೇ? ಯಾವ ಔಷಧಿ ಹಾಕಬೇಕು?

ಬೀದರ್ ತಳವಾಸಿ:
ಅಕ್ಕಾ, ಔಷಧಿಗೆ ಕೈ ಹಾಕಬೇಡಿ. ನೀವು ಬರೆದಿರುವುದರಲ್ಲಿ ರೋಗಕ್ಕಿಂತ ಮೊದಲು ಹಸಿವು ಕಾಣುತ್ತದೆ. ತೇಲುವ ಕಾಳನ್ನು ಏಂಜಲ್ ಮತ್ತು ಮೋಲಿ ಮೇಲೆಯೇ ಮುಗಿಸುತ್ತವೆ, ತಳಕ್ಕೆ ಬರುವುದು ರೊಟ್ಟಿಯ ಚೂರು ಮತ್ತು ಮೇಲಿನ ಮೀನುಗಳ ಹಿಕ್ಕೆ. ಕೋರಿ, ಸಕ್ಕರ್ ಎರಡೂ ಕ್ಯಾಟ್‌ಫಿಶ್ ಗುಂಪಿನವು; ಹಿಕ್ಕೆ ತಿಂದು ಯಾವ ಕ್ಯಾಟ್‌ಫಿಶ್ ಕೂಡ ಬದುಕುವುದಿಲ್ಲ. "ತೊಟ್ಟಿ ತೊಳೆಯುವ ಮೀನು" ಎಂಬ ಮಾತು ಎಷ್ಟು ಕೋರಿಗಳನ್ನು ಉಪವಾಸ ಕೆಡವಿದೆಯೋ! ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ವಿಷಯ. ಕೋರಿ ಮತ್ತು ಸಕ್ಕರ್ ಎರಡೂ ತಳದಲ್ಲಿ ಇರುತ್ತವೆ ನಿಜ, ಆದರೆ ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲು ಆಗುವುದಿಲ್ಲ. ಕೋರಿ ದಕ್ಷಿಣ ಅಮೆರಿಕದ ಹೊಳೆಗಳ ಮೀನು. ಮರಳನ್ನು ಬಾಯಿಗೆ ತೆಗೆದುಕೊಂಡು, ಅದರಲ್ಲಿರುವ ಹುಳು, ಕೀಟದ ಮರಿಗಳನ್ನು ಉಳಿಸಿಕೊಂಡು, ಮರಳನ್ನು ಕಿವಿರಿನಿಂದ ಹೊರಗೆ ಬಿಡುತ್ತದೆ. ಅದಕ್ಕೆ ಪ್ರಾಣಿಮೂಲದ ಪ್ರೋಟೀನ್ ಬೇಕೇ ಬೇಕು. ಸಕ್ಕರ್‌ನ ಕರುಳು ಉದ್ದ, ಸುರುಳಿ ಸುತ್ತಿದ್ದು. ಕಲ್ಲು, ಮರದ ಮೇಲಿನ ಪಾಚಿಯನ್ನು ಹಗಲು ರಾತ್ರಿ ಕೆರೆದು ತಿನ್ನುವ ಮೀನು ಅದು. ಬರೀ ಪ್ರೋಟೀನ್ ತಿನ್ನಿಸಿದರೆ ಹೊಟ್ಟೆ ಉಬ್ಬುತ್ತದೆ, ಪಾಚಿ ಸಾಲದಿದ್ದರೆ ಅಗಲ ಮೈಯ ಮೀನುಗಳ ಲೋಳೆಯನ್ನು ಹೀರಲು ಹೋಗುತ್ತದೆ. ನಿಮ್ಮ ಏಂಜಲ್‌ನ ಬೆಳ್ಳನೆಯ ಗುರುತು ಅದೇ ಇರಬೇಕು.

ಕೋರಿಗಳಿಗೆ ಮುಳುಗುವ ಪೆಲೆಟ್ ತನ್ನಿ. ಡಬ್ಬದ ಹಿಂದಿನ ಪಟ್ಟಿಯಲ್ಲಿ ಮೊದಲ ಹೆಸರು ಮೀನಿನ ಪುಡಿ, ಸೀಗಡಿ ಅಥವಾ ಕೀಟದ್ದಾಗಿರಬೇಕು, ಗೋಧಿ ಹಿಟ್ಟಿನದಲ್ಲ. ಪ್ರೋಟೀನ್ 35ರಿಂದ 45 ಶೇಕಡಾ ಇದ್ದರೆ ಸರಿ. ವಾರಕ್ಕೆ ಎರಡು ಸಲ ಫ್ರೋಜನ್ ಬ್ಲಡ್‌ವರ್ಮ್ (ಹೆಪ್ಪುಗಟ್ಟಿಸಿದ ಕೆಂಪು ಕೀಟದ ಮರಿ) ಕೊಡಿ, ತೊಟ್ಟಿಯದೇ ನೀರಿನಲ್ಲಿ ಕರಗಿಸಿ ಹಾಕಿ.

ಸಕ್ಕರ್‌ಗೆ ದಿನವೂ ತರಕಾರಿ ಇರಲಿ, ಜೊತೆಗೆ ಸ್ಪಿರುಲಿನಾ (ಒಂದು ಬಗೆಯ ಪಾಚಿ) ಇರುವ ವೇಫರ್, ಅಂದರೆ ಮುಳುಗುವ ಬಿಲ್ಲೆ. ನಮ್ಮ ಕಡೆ ಸಿಗುವುದರಲ್ಲಿ ಹೀರೇಕಾಯಿಗೆ ನನ್ನ ಮೊದಲ ಮತ. ಚೆನ್ನಾಗಿ ತೊಳೆದು, ಏಣುಗಳನ್ನು ಕೆರೆದು ತೆಗೆದು, ಬೆರಳು ದಪ್ಪದ ಬಿಲ್ಲೆ ಮಾಡಿ. ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಬಿಟ್ಟು, ತಣ್ಣೀರಿಗೆ ಹಾಕಿ ತೆಗೆಯಿರಿ, ಉಪ್ಪು ಬೇಡ. ಬಿಲ್ಲೆಯನ್ನು ಸ್ಟೀಲ್ ಫೋರ್ಕ್‌ಗೆ ಚುಚ್ಚಿ ತಳಕ್ಕೆ ಬಿಟ್ಟರೆ ತೇಲುವುದಿಲ್ಲ. ಮೊದಲ ರಾತ್ರಿ ಮುಟ್ಟದೇ ಹೋಗಬಹುದು, ಬಿಡಬೇಡಿ. ಒಮ್ಮೆ ರುಚಿ ಹತ್ತಿದರೆ ಬೆಳಿಗ್ಗೆ ನಡುವಿನ ತಿರುಳೆಲ್ಲ ಹೋಗಿ ಸಿಪ್ಪೆಯ ಬಳೆ ಮಾತ್ರ ಫೋರ್ಕ್‌ನಲ್ಲಿ ನೇತಾಡುತ್ತಿರುತ್ತದೆ. ಪಾಲಕ್, ಸಿಪ್ಪೆ ಸುಲಿದ ಹಸಿ ಬಟಾಣಿ, ಸಿಹಿಗುಂಬಳವೂ ಆಗುತ್ತದೆ. ಸೌತೆಕಾಯಿಯಲ್ಲಿ ಬಹುಪಾಲು ನೀರೇ, ಅದನ್ನೇ ನೆಚ್ಚಿಕೊಳ್ಳಬೇಡಿ. ಕೆರೆಯಲು ಒಂದು ಡ್ರಿಫ್ಟ್‌ವುಡ್ (ತೊಟ್ಟಿಗೆಂದೇ ಸಿಗುವ ಮರದ ಕೊರಡು) ತುಂಡನ್ನೂ ಇಡಿ.

ಹೊತ್ತು ಬಹಳ ಮುಖ್ಯ. ಬೆಳಿಗ್ಗೆ ಮೇಲಿನ ಮೀನುಗಳಿಗೆ, ರಾತ್ರಿ ತೊಟ್ಟಿಯ ದೀಪ ಆರಿಸಿ ಅರ್ಧ ಗಂಟೆಯ ಮೇಲೆ ತಳದವಕ್ಕೆ. ಏಂಜಲ್‌ಗಳು ಆಗಲೂ ಕಸಿದುಕೊಂಡರೆ ಒಂದು ಪಿವಿಸಿ ಪೈಪನ್ನು ತಳದವರೆಗೆ ಇಳಿಸಿ ಅದರೊಳಗೆ ಪೆಲೆಟ್ ಬಿಡಿ.

ರೊಟ್ಟಿಯನ್ನು ಇಂದೇ ನಿಲ್ಲಿಸಿ. ಹಿಟ್ಟಿನ ಪದಾರ್ಥ ಜಲ್ಲಿಯ ಸಂದಿಗೆ ಇಳಿದು ಕೊಳೆಯುತ್ತದೆ, ಅಮೋನಿಯಾ ಏಳುತ್ತದೆ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮತ್ತು ಬಿಸಿ ಏರಿದಷ್ಟೂ ಅಮೋನಿಯಾದ ವಿಷಕಾರಿ ಪಾಲು ಹೆಚ್ಚುತ್ತದೆ. ನಮ್ಮ ಭಾಗದಲ್ಲಿ ಎರಡೂ ಹೆಚ್ಚೇ. ಕೋರಿಗಳ ಮೀಸೆ ಮೊಂಡಾಗಲು ಈ ಕೊಳೆಯೇ ಕಾರಣವೆಂದು ನನ್ನ ಅಂದಾಜು. ಜಲ್ಲಿಯನ್ನು ಸೈಫನ್‌ನಿಂದ ಎಳೆದು ತೊಳೆಯಿರಿ, ಸಾಧ್ಯವಾದರೆ ಅರ್ಧ ಭಾಗಕ್ಕಾದರೂ ನುಣುಪು ಮರಳು ಹಾಕಿ. ಅತ್ತೆಯವರಿಗೆ ಬೇಸರವಾಗದಂತೆ ರಾತ್ರಿಯ ಹೀರೇಕಾಯಿಯ ಕೆಲಸವನ್ನು ಅವರಿಗೇ ಒಪ್ಪಿಸಿ. ಮೀನಿಗೆ ಉಣಿಸಬೇಕೆಂಬ ಅವರ ಆಸೆ ದೊಡ್ಡದು.

ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ನೀರಿನ ಗಡಸನ್ನು ನಿಧಾನವಾಗಿ ಏರಿಸುತ್ತದೆ. ಬೋರ್‌ವೆಲ್ ನೀರು ಮೊದಲೇ ಗಡಸು, ಆದ್ದರಿಂದ ಅದನ್ನು ತೆಗೆದು ಮಣ್ಣಿನ ಕುಡಿಕೆಯನ್ನು ಅಡ್ಡ ಮಲಗಿಸಿ ಇಡುವುದು ವಾಸಿ. ಆತುರವಿಲ್ಲ.

ಯಾದಗಿರಿ ಜಲಚರ:
ತಳವಾಸಿ ಸರ್ ಹೇಳಿದ್ದು ಸರಿ. ಆದರೆ ಬಡಕಲಾದ ಕೋರಿಗೆ ಜೀವಂತ ಟ್ಯೂಬಿಫೆಕ್ಸ್ ಹುಳುವಿನಷ್ಟು ಬೇಗ ಮೈ ತುಂಬಿಸುವುದು ಬೇರೊಂದಿಲ್ಲ. ನಾನು ದಿನವೂ ಕೊಡುತ್ತೇನೆ, ಮರಿ ಕೂಡ ಆಗಿವೆ.

ಬೀದರ್ ತಳವಾಸಿ:
ಮೈ ತುಂಬುತ್ತದೆ, ಒಪ್ಪುತ್ತೇನೆ. ಆದರೆ ಟ್ಯೂಬಿಫೆಕ್ಸ್ ಬೆಳೆಯುವುದು ಚರಂಡಿಯ ಕೊಳಚೆಯಲ್ಲಿ. ಎಲ್ಲಿಂದ ತಂದದ್ದೆಂದು ಗೊತ್ತಿಲ್ಲದ ಹುಳುವನ್ನು ಸೊರಗಿದ ಮೀನಿಗೆ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ನೀವು ಹರಿಯುವ ನೀರಿನಲ್ಲಿ ದಿನಗಟ್ಟಲೆ ತೊಳೆದು ಕೊಡುವವರು, ಹೊಸಬರಿಗೆ ಆ ತಾಳ್ಮೆ ಇರುವುದಿಲ್ಲ. ಕೊಬ್ಬೂ ಹೆಚ್ಚು, ದಿನವೂ ಬೇಡ.

ಕಲಬುರಗಿಯ ಅಕ್ಕಾ, ಇನ್ನೊಂದನ್ನು ಗಮನದಲ್ಲಿಡಿ. ಚೆನ್ನಾಗಿ ತಿನ್ನತೊಡಗಿದ ಮೇಲೂ ಕೆಲವು ವಾರ ಹೊಟ್ಟೆ ತುಂಬದಿದ್ದರೆ, ಹಿಕ್ಕೆ ಬಿಳಿ ದಾರದಂತೆ ಜೋತು ಬಿದ್ದರೆ, ಆಗ ಹೊಟ್ಟೆಯ ಹುಳುವಿನ ಅನುಮಾನ ಪಡಬೇಕು. ಆ ಔಷಧಿಯ ಪ್ರಮಾಣವನ್ನು ಮೀನಿನ ವಿಷಯ ತಿಳಿದ ಪಶುವೈದ್ಯರನ್ನು ಕೇಳಿಯೇ ಹಾಕಿ.

ಕಲಬುರಗಿ ಮೀನಮನೆ:
ಸರ್, ತುಂಬಾ ಧನ್ಯವಾದ. ಮುಳುಗುವ ಪೆಲೆಟ್ ತಂದೆ. ದೀಪ ಆರಿಸಿ ಮೊಬೈಲ್ ಬೆಳಕನ್ನು ಗೋಡೆಗೆ ಹಿಡಿದು ನೋಡಿದೆವು. ಆರೂ ಕೋರಿಗಳು ಮೂಗು ಕೆಳಗೆ ಮಾಡಿ, ಬಾಲ ಮೇಲೆ ಎತ್ತಿ, ಪೆಲೆಟ್ ಸುತ್ತ ಮುತ್ತಿಕೊಂಡಿದ್ದವು. ಹೀರೇಕಾಯಿಯನ್ನು ಸಕ್ಕರ್ ಎರಡನೆಯ ರಾತ್ರಿ ಮುಟ್ಟಿತು. ಏಂಜಲ್ ಮೈಗೆ ಅಂಟುವುದು ನಿಂತಿದೆ.

ಇನ್ನೆರಡು ಪ್ರಶ್ನೆ. ಬೇಸಿಗೆಯಲ್ಲಿ ನಮ್ಮ ಊರು 42 ಡಿಗ್ರಿ ದಾಟುತ್ತದೆ, ತೊಟ್ಟಿಯ ನೀರೇ 32ಕ್ಕೆ ಹೋಗುತ್ತದೆ. ಆಗಲೂ ಇಷ್ಟೇ ಆಹಾರವೇ? ಈ ಸಕ್ಕರ್ ಎಷ್ಟು ದೊಡ್ಡದಾಗುತ್ತದೆ?

ಬೀದರ್ ತಳವಾಸಿ:
32ರಲ್ಲಿ ಕಡಿಮೆ ಮಾಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗಿರುತ್ತದೆ, ಉಳಿದ ಆಹಾರ ಕೊಳೆಯುವಾಗ ಅದನ್ನೂ ಕಸಿಯುತ್ತದೆ. ರಾತ್ರಿ ಹಾಕಿದ ತರಕಾರಿಯನ್ನು ಬೆಳಿಗ್ಗೆ ತಪ್ಪದೆ ತೆಗೆಯಿರಿ, ವಾರಕ್ಕೊಂದು ದಿನ ಏನೂ ಹಾಕಬೇಡಿ. ಏರ್ ಪಂಪ್ ಹಗಲಿರುಳು ಓಡಲಿ. ಕರೆಂಟ್ ಹೋದಾಗಲೂ ನಿಲ್ಲದಂತೆ ಇನ್ವರ್ಟರ್ ಸಾಲಿಗೆ ಸೇರಿಸಿ. ಕೋರಿ ಆಗಾಗ ಮೇಲಕ್ಕೆ ಚಿಮ್ಮಿ ಗಾಳಿ ಗುಟುಕರಿಸುವುದು ಸಹಜ, ಅದು ಕರುಳಿನಿಂದಲೂ ಉಸಿರಾಡಬಲ್ಲದು. ಮೇಲಿಂದ ಮೇಲೆ ಹೋಗತೊಡಗಿದರೆ ಮಾತ್ರ ನೀರು ಕೆಟ್ಟಿದೆ ಎಂದು ತಿಳಿಯಿರಿ. ಆಹಾರದ ಡಬ್ಬವನ್ನು ತೊಟ್ಟಿಯ ಮುಚ್ಚಳದ ಮೇಲೆ ಇಡಬೇಡಿ. ದೀಪದ ಶಾಖಕ್ಕೆ ಕೊಬ್ಬು ಮುಗ್ಗುತ್ತದೆ, ಜೀವಸತ್ವ ಹಾಳಾಗುತ್ತದೆ. ಚಿಕ್ಕ ಡಬ್ಬ ಕೊಳ್ಳಿ, ಬೇಗ ಮುಗಿಸಿ.

ಸಕ್ಕರ್ ಯಾವುದೆಂದು ತಿಳಿಯಲು ಅದು ಬೆನ್ನಿನ ರೆಕ್ಕೆ ಬಿಚ್ಚಿದಾಗ ಕಡ್ಡಿಗಳನ್ನು ಎಣಿಸಿ. 7–8 ಇದ್ದರೆ ಒಂದು ಬಗೆ, 10ಕ್ಕಿಂತ ಹೆಚ್ಚಿದ್ದರೆ ಟೆರಿಗೋಪ್ಲಿಕ್ತಿಸ್ ಎಂಬ ಇನ್ನೊಂದು ಬಗೆ.

ಕಲಬುರಗಿ ಮೀನಮನೆ:
ಫೋಟೊ ತೆಗೆದು ಎಣಿಸಿದೆ ಸರ್, 12 ಇವೆ.

ಬೀದರ್ ತಳವಾಸಿ:
ಹಾಗಾದರೆ ಅದು ಒಂದಡಿ ದಾಟುವ ಮೀನು. ಎಷ್ಟೇ ಸಮತೋಲನದ ಆಹಾರ ಕೊಟ್ಟರೂ 3 ಅಡಿಯ ತೊಟ್ಟಿ ಅದಕ್ಕೆ ಸಾಲುವುದಿಲ್ಲ. ದಯವಿಟ್ಟು ಶರಣಬಸವೇಶ್ವರ ಕೆರೆಗಾಗಲಿ ಭೀಮಾ ನದಿಗಾಗಲಿ ಬಿಡಬೇಡಿ. ಆಂಧ್ರ, ತೆಲಂಗಾಣ, ಕೇರಳದ ನೀರುಗಳಲ್ಲಿ ಇದು ಈಗಾಗಲೇ ಬೇರೂರಿದೆ; ಅದರ ಮುಳ್ಳಿಗೆ ಸಿಕ್ಕಿ ಮೀನುಗಾರರ ಬಲೆಗಳು ಹರಿಯುತ್ತಿವೆ. ದೊಡ್ಡ ತೊಟ್ಟಿ ಇರುವವರನ್ನು ಹುಡುಕಿ ಕೊಡಿ. ಅದರ ಜಾಗಕ್ಕೆ ಬ್ರಿಸಲ್‌ನೋಸ್ ಎಂಬ ಚಿಕ್ಕ ಸಕ್ಕರ್ ತನ್ನಿ, ಅಂಗೈ ಉದ್ದಕ್ಕಿಂತ ಹೆಚ್ಚು ಬೆಳೆಯುವುದಿಲ್ಲ, ಆಹಾರವೂ ಇದೇ.

ಯಾದಗಿರಿ ಜಲಚರ:
ಅಕ್ಕಾ, ನಮ್ಮ ಮನೆಯ ಹಿಂದೆ ದೊಡ್ಡ ಸಿಮೆಂಟ್ ತೊಟ್ಟಿ ಇದೆ, ಅಂಥವೇ ಎರಡು ಅದರಲ್ಲಿವೆ. ನಿಮ್ಮದನ್ನೂ ಸಾಕುತ್ತೇನೆ. ತರುವ ಹಿಂದಿನ ದಿನ ಅದಕ್ಕೆ ಏನೂ ತಿನ್ನಿಸಬೇಡಿ, ದಾರಿಯಲ್ಲಿ ನೀರು ಕೆಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ಮುಳ್ಳು ಚುಚ್ಚಿ ಹರಿಯುತ್ತದೆ. ಮುಚ್ಚಳವಿರುವ ಬಕೆಟ್‌ನಲ್ಲಿ, ನಿಮ್ಮ ತೊಟ್ಟಿಯದೇ ನೀರು ಹಾಕಿ, ಬಿಸಿಲು ಏರುವ ಮೊದಲು ಹೊರಡಿ. ಬ್ಯಾಟರಿ ಏರ್ ಪಂಪ್ ಇಲ್ಲದಿದ್ದರೆ ಹೇಳಿ, ನನ್ನದನ್ನು ಕಳಿಸುತ್ತೇನೆ.