ನಿವೃತ್ತಿ ಆದಮೇಲೆ ರಾಜಕೀಯವೇ ಕೆಲಸ ಆಗಿಬಿಟ್ಟಿದೆ, ನಿಮಗೂ ಹೀಗೇನಾ?

ಹಳೇ ಪ್ರೂಫ್‌ರೀಡರ್:
ಎಲ್ಲರಿಗೂ ನಮಸ್ಕಾರ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡಾಗಿತ್ತು. ಒತ್ತು, ದೀರ್ಘ, ಬಿಟ್ಟುಹೋದ ಸಾಲು. ನಿವೃತ್ತಿ ಆದಮೇಲೂ ಚಾಳಿ ಹೋಗಿಲ್ಲ. ಹಳೇ ಸಹೋದ್ಯೋಗಿಗಳ ವಾಟ್ಸಾಪ್ ಗ್ರೂಪಿಗೆ ಬೆಳಗಾದರೆ ರಾಜಕೀಯ ಬಂದು ಬೀಳುತ್ತದೆ. ನಾನು ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಓದುತ್ತಾ ಕೂರುತ್ತೇನೆ. "ಆಫೀಸಿಗೆ ಹೋಗ್ತಿದ್ದಾಗ ನಿಮಗೆ ವಾರಕ್ಕೊಂದು ರಜೆಯಾದ್ರೂ ಇತ್ತು" ಅಂತಾಳೆ ನನ್ನಾಕೆ.

ಮೊದಲೆಲ್ಲ ಸುಳ್ಳು ಸುದ್ದಿ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಮಹಾಪ್ರಾಣ ಕೈಕೊಟ್ಟಿರುತ್ತಿತ್ತು, ಸಾಲಿನ ಕೊನೆಗೆ ಐದಾರು ಆಶ್ಚರ್ಯಸೂಚಕ ಇರುತ್ತಿದ್ದವು, "ಇದನ್ನು ಯಾವ ಚಾನೆಲ್ಲೂ ತೋರಿಸಲ್ಲ" ಅಂತ ಒಂದು ಬಾಲಂಗೋಚಿ ಬೇರೆ. ಈಗ ಬರುವುದರಲ್ಲಿ ಒಂದು ಕಾಗುಣಿತ ತಪ್ಪೂ ಸಿಗಲ್ಲ. ಯಂತ್ರವೇ ಬರೆದುಕೊಡುತ್ತದಂತೆ. ನಾನು ಕಲಿತ ವಿದ್ಯೆ ಇಲ್ಲಿ ನಡೆಯುತ್ತಿಲ್ಲ.

ಮೊನ್ನೆ ಒಬ್ಬ ನಾಯಕರ ದನಿ ಎಂದು ಒಂದು ಆಡಿಯೊ ಬಂತು. ಒಬ್ಬರು ನಿಜ ಎಂದರು, ಇನ್ನೊಬ್ಬರು ನಕಲಿ ಎಂದರು. ಎದುರುಬದುರು ಮೇಜಿನಲ್ಲಿ ಕೂತು ಒಂದು ಕಾಲ ಕಳೆದವರು! ಒಬ್ಬರು ಗ್ರೂಪ್ ಬಿಟ್ಟೇ ಹೋದರು. ಇಂಥದ್ದನ್ನು ನೀವು ಹೇಗೆ ಪರೀಕ್ಷೆ ಮಾಡ್ತೀರಿ? ಇನ್ನೊಂದು ವಿಷಯ. ಸುಳ್ಳು ಹರಡೋರಲ್ಲಿ ನಿಮ್ಮ ವಯಸ್ಸಿನವರೇ ಜಾಸ್ತಿ ಅಂತಾನೆ ಮಗ. ಅದು ನಿಜವಾ?

ಕೀಲಿಮಣೆ:
ಸರ್, ದನಿಯ ವಿಷಯದಲ್ಲಿ ಕಿವಿಯನ್ನು ನಂಬಬೇಡಿ. 2024ರ ಜನವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮತದಾರರಿಗೆ ಆಗಿನ ಅಧ್ಯಕ್ಷ ಬೈಡನ್ ಅವರ ದನಿಯಲ್ಲೇ ಫೋನ್ ಬಂತು, ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಆರಿಸುವ ಚುನಾವಣೆಯಲ್ಲಿ, ಮತ ಹಾಕಬೇಡಿ ಎಂದು. ಅದು ಎಐ ಮಾಡಿದ ದನಿ. ಮಾಡಿಸಿದವನಿಗೆ 60 ಲಕ್ಷ ಡಾಲರ್ ದಂಡ ಬಿತ್ತು.

ನೀವು ಪ್ರೂಫ್ ನೋಡುವಾಗ ಪಕ್ಕದಲ್ಲಿ ಮೂಲಪ್ರತಿ ಇಟ್ಟುಕೊಳ್ಳುತ್ತಿದ್ದಿರಲ್ವಾ? ಇಲ್ಲೂ ಅದನ್ನೇ ಕೇಳಿ. ಯಾವ ಸಭೆ, ಯಾವ ದಿನ, ಪೂರ್ತಿ ಭಾಷಣ ಎಲ್ಲಿದೆ? ಬಹಿರಂಗ ಸಭೆಯ ಮಾತಾದರೆ ಬೇರೆ ಯಾರಾದರೂ ರೆಕಾರ್ಡ್ ಮಾಡಿಯೇ ಇರುತ್ತಾರೆ. ಮೂಲ ಸಿಗದಿದ್ದರೆ ಬದಿಗಿಡಿ. ನಿಜವೋ ಸುಳ್ಳೋ ಅಂತ ಇವತ್ತೇ ತೀರ್ಪು ಕೊಡಬೇಕಾಗಿಲ್ಲ.

ವಾಟ್ಸಾಪ್‌ನಲ್ಲಿ ಜೋಡಿ ಬಾಣದ ಗುರುತು ಗಮನಿಸಿ. ಸಂದೇಶ ಐದು ಅಥವಾ ಜಾಸ್ತಿ ಕೈ ದಾಟಿ ಬಂದಿದ್ದರೆ ಅದು ಕಾಣುತ್ತದೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಆದರೆ ಯಾರಾದರೂ ಕಾಪಿ ಮಾಡಿ ಹೊಸದಾಗಿ ಹಾಕಿದರೆ ಗುರುತು ಮಾಯ. ಬಾಣ ಇಲ್ಲ ಅಂದ ಮಾತ್ರಕ್ಕೆ ನಂಬೋ ಹಾಗಿಲ್ಲ.

ಲೆಕ್ಕದ ಮೇಡಂ:
ನಿಮ್ಮ ಮಗ ಪೂರ್ತಿ ಸುಳ್ಳು ಹೇಳಿಲ್ಲ, ಪೂರ್ತಿ ನಿಜವೂ ಹೇಳಿಲ್ಲ. 2016ರ ಅಮೆರಿಕದ ಚುನಾವಣೆ ಹೊತ್ತಿನ ಫೇಸ್‌ಬುಕ್ ಪೋಸ್ಟ್‌ಗಳ ಬಗ್ಗೆ 2019ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 65 ದಾಟಿದವರು ಎಲ್ಲರಿಗಿಂತ ಚಿಕ್ಕ ವಯಸ್ಸಿನ ಗುಂಪಿಗಿಂತ ಸುಮಾರು ಏಳು ಪಟ್ಟು ಸುಳ್ಳು ಸುದ್ದಿ ಹಂಚಿದ್ದರು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ: ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ ಶೇ. 90ಕ್ಕಿಂತ ಜಾಸ್ತಿ ಜನ ಒಂದೂ ಹಂಚಿರಲಿಲ್ಲ. ಈ ಎರಡನೇ ಅಂಕಿ ಯಾಕೋ ಮಕ್ಕಳ ಕಿವಿಗೆ ಬೀಳುವುದೇ ಇಲ್ಲ. ನನ್ನ ಮಗಳೂ ಅಷ್ಟೇ.

ನೇರ ಮಾತು:
ನನಗೆ ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ರಾಜಕೀಯ ಬಿಡಿ ಅನ್ನೋರ ಮಾತು ಕೇಳಬೇಡಿ. ಪಿಂಚಣಿ ರಾಜಕೀಯ, ಔಷಧಿ ರಾಜಕೀಯ, ಬ್ಯಾಂಕಿನ ಕೌಂಟರ್ ಮುಚ್ಚಿ ಆ್ಯಪ್ ಕೈಗೆ ಕೊಟ್ಟಿದ್ದೂ ರಾಜಕೀಯವೇ. ಸಣ್ಣ ಅಕ್ಷರದ ಓಟಿಪಿ ಬಂದು, ಕನ್ನಡಕ ಹುಡುಕುವಷ್ಟರಲ್ಲಿ ಟೈಮ್ ಮುಗಿಯುತ್ತಲ್ಲ, ಅದರ ಬಗ್ಗೆ ನಿಮ್ಮ ಗ್ರೂಪಿನಲ್ಲಿ ಯಾರಾದರೂ ಜಗಳ ಆಡಿದ್ದಾರಾ? ನಾಯಕರ ಬಗ್ಗೆ ಮಾತ್ರ ಕಿತ್ತಾಡ್ತೀವಿ.

ಹಳೇ ಪ್ರೂಫ್‌ರೀಡರ್:
ಕೀಲಿಮಣೆಯವರೇ, ಮೂಲಪ್ರತಿ ಕೇಳಿ ಅಂದಿದ್ದು ಸರಿಯಾಗಿ ನಾಟಿತು. ಗ್ರೂಪಿನಲ್ಲಿ ಹಾಗೇ ಕೇಳಿದೆ, "ಪೂರ್ತಿ ಭಾಷಣ ಇದೆಯಾ?" ಎಂದು. ಆಮೇಲೆ ಅರ್ಧ ದಿನ ಯಾರೂ ಏನೂ ಹಾಕಲಿಲ್ಲ. ಅಷ್ಟು ನೆಮ್ಮದಿ ನಾನು ಕಂಡೇ ಇರಲಿಲ್ಲ.

ಮೇಡಂ, ಆ ಶೇ. 90ರ ಲೆಕ್ಕ ಮಗನಿಗೆ ಓದಿ ಹೇಳಿದೆ. ಲಿಂಕ್ ಕಳ್ಸು ಅಂತಾನೆ.

ನೇರ ಮಾತು ಅವರೇ, ಓಟಿಪಿ ವಿಷಯ ಗ್ರೂಪಿಗೆ ಹಾಕಿದ್ದೇನೆ. ಬಿಟ್ಟು ಹೋದವರಿಗೂ ಫೋನ್ ಮಾಡಿ ಹೇಳಿದೆ. ಅವರಿಗೂ ಅದೇ ಗೋಳು. ಬ್ಯಾಂಕಿಗೆ ಇಬ್ಬರೂ ಸೇರಿ ಒಂದು ಪತ್ರ ಬರೆಯೋಣ ಅಂದಿದ್ದಾರೆ, ಕರಡು ಅವರದು, ತಿದ್ದುವುದು ನಂದು. ಇಂಥ ಪತ್ರ ಬರೆದು ಉತ್ತರ ಪಡೆದವರು ಇಲ್ಲಿ ಯಾರಾದರೂ ಇದ್ದೀರಾ? ಮ್ಯಾನೇಜರ್‌ಗೆ ಬರೆಯಬೇಕಾ, ಇನ್ನೂ ಮೇಲಿನವರಿಗಾ?