ಅಪ್‌ಡೇಟ್: ಎರಡನೇ ಸಲಕ್ಕೆ ಎಲ್‌ಎಲ್‌ಆರ್ ಪಾಸಾಯ್ತು

ಎಲ್‌ಎಲ್‌ಆರ್ (ಗಾಡಿ ಕಲಿಯುವವರ ಲೈಸೆನ್ಸ್) ಪರೀಕ್ಷೆಯಲ್ಲಿ ಫೇಲಾಗಿದ್ದೀನಿ, ರಸ್ತೆ ಚಿಹ್ನೆಗಳೆಲ್ಲ ಕಲಸಿಹೋಗ್ತಿವೆ, ಹೇಗೆ ಓದಲಿ ಅಂತ ಕೇಳಿದ್ದೆನಲ್ಲ. ನಿನ್ನೆ ಪಾಸಾದೆ! ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೆಲಸಕ್ಕೆ ಬಂದಿದ್ದು "ಚಿತ್ರ ಬಿಡಿ, ಮೊದಲು ಆಕಾರ ನೋಡಿ" ಅಂದವರ ಮಾತು. ಕೆಂಪು ಅಂಚಿನ ತ್ರಿಕೋನ ಅಂದ್ರೆ ಎಚ್ಚರಿಕೆ, ವೃತ್ತ ಅಂದ್ರೆ ಪಾಲಿಸಲೇಬೇಕಾದ ನಿಯಮ, ನೀಲಿ ಚೌಕ ಅಂದ್ರೆ ಮಾಹಿತಿ. ತಲೆಕೆಳಗಾದ ತ್ರಿಕೋನ ಮತ್ತು ಎಂಟು ಮೂಲೆಯ ಸ್ಟಾಪ್ ಬೋರ್ಡನ್ನ ಬೇರೆಯಾಗಿ ನೆನಪಿಟ್ಕೊಳ್ಳಿ. ದಿನಾ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಒಂದೊಂದೇ ಬೋರ್ಡ್ ಗುರುತಿಸ್ತಾ ಹೋದೆ. ನೀಲಿ ವೃತ್ತದ ಮೇಲೆ ಒಂದೇ ಕೆಂಪು ಗೆರೆ ಇದ್ರೆ ಪಾರ್ಕ್ ಮಾಡೋ ಹಾಗಿಲ್ಲ. ಎರಡು ಗೆರೆ ಕತ್ತರಿ ಹಾಕಿದ್ರೆ ಗಾಡಿ ನಿಲ್ಲಿಸೋ ಹಾಗೇ ಇಲ್ಲ. ಮೊದಲ ಸಲ ನಾನು ಎಡವಿದ್ದು ಇಲ್ಲೇ.

ಪ್ರಶ್ನೋತ್ತರದ ಪಿಡಿಎಫ್ ಬಾಯಿಪಾಠ ಮಾಡಿದ್ದು ಉಪಯೋಗಕ್ಕೆ ಬರಲಿಲ್ಲ, ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದ್ರೂ ಗಲಿಬಿಲಿ. ಭಾಷೆ ಕನ್ನಡ ಅಂತ ಆರಿಸ್ಕೊಂಡಿದ್ದು ಒಳ್ಳೇದಾಯ್ತು.

ಓದುವಾಗ ಒಂದು ವಿಷಯ ಹೊಸದಾಗಿ ಗೊತ್ತಾಯ್ತು. ಅಪಘಾತದಲ್ಲಿ ಗಾಯಗೊಂಡವರಿಗೆ ಒಳ್ಳೇ ಮನಸ್ಸಿಂದ ನೆರವಾದವರಿಗೆ 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲೇ ರಕ್ಷಣೆ ಇದೆ. ಕೇಸು ಮೈಮೇಲೆ ಬರುತ್ತೆ ಅಂತ ಹೆದರಿ ದೂರ ನಿಂತವರನ್ನ ನಾನೇ ನೋಡಿದ್ದೀನಿ. ದಯವಿಟ್ಟು ಮನೆಯವರಿಗೂ ಹೇಳಿ.

ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತೆ, 30 ದಿನ ಕಳೆದ ಮೇಲೆ ಡಿಎಲ್ ಟೆಸ್ಟ್. ಅಲ್ಲೀವರೆಗೆ ಎಲ್ ಬೋರ್ಡ್ ಹಾಕಿ, ಲೈಸೆನ್ಸ್ ಇರೋ ಅಣ್ಣನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಓಡಿಸ್ತೀನಿ.