ಬೆಸ್ಟ್ ಕುಕ್ ಯಾರು? ಮನೆ ಗುಂಪಿನಲ್ಲಿ ಭಾನುವಾರದ ಜಗಳ

ತೀರ್ಥಹಳ್ಳಿ ಚಿಕ್ಕಪ್ಪ: [ಫಾರ್ವರ್ಡ್] ದಿನಕ್ಕೆ ಹತ್ತು ನಿಮಿಷ, ಇಂಗ್ಲಿಷ್ ನಿಮ್ಮದು! ಇಂದಿನ ಪಾಠ ಸೂಪರ್‌ಲೇಟಿವ್, ಅಂದರೆ ‘ಎಲ್ಲಕ್ಕಿಂತ ಎತ್ತರ’, ‘ಎಲ್ಲರಿಗಿಂತ ಚಿಕ್ಕ’ ಎನ್ನುವ ರೂಪ. ‘ಜೋಗ್ ಈಸ್ ದಿ ಮೋಸ್ಟ್ ಹೈಯೆಸ್ಟ್ ಫಾಲ್ಸ್ ಇನ್ ಇಂಡಿಯಾ.’ ‘ಮೈ ಆಂಟ್ ಈಸ್ ದಿ ಬೆಸ್ಟ್ ಕುಕ್ ಇನ್ ಅವರ್ ಫ್ಯಾಮಿಲಿ.’ ‘ಹಿ ಈಸ್ ದಿ ಲೇಜಿಯೆಸ್ಟ್ ಬಾಯ್ ಇನ್ ದಿ ಕ್ಲಾಸ್.’ ಹತ್ತು ಗುಂಪಿಗೆ ಕಳಿಸಿ.

ತೀರ್ಥಹಳ್ಳಿ ಚಿಕ್ಕಪ್ಪ: ಪುಟ್ಟಿ, ಓದ್ಕೋ. ಮಂಗಳವಾರ ಇಂಟರ್‌ವ್ಯೂ ಇದೆ, ನೆನಪಿರಲಿ.

ಸಾಗರದ ಅತ್ತೆ: ಥ್ಯಾಂಕ್ಸ್ ಕಣೋ ತಮ್ಮ. ನನ್ನ ಅಡುಗೆ ಇನ್ನೂ ನೆನಪಿಟ್ಟುಕೊಂಡಿದ್ದೀಯಲ್ಲ.

ಚಿಕ್ಕಮ್ಮ: ಅತ್ತಿಗೆ, ಅದು ಫಾರ್ವರ್ಡು. ಇವರು ಬರೆದಿದ್ದಲ್ಲ.

ಸಾಗರದ ಅತ್ತೆ: ಗೊತ್ತಮ್ಮ. ಕಳಿಸಿದ್ದು ಅವನೇ ತಾನೇ?

ದೊಡ್ಡಮ್ಮ: ಆಂಟ್ ಅಂದ್ರೆ ದೊಡ್ಡಮ್ಮನೂ ಆಗ್ತಾಳೆ.

ಚಿಕ್ಕಮ್ಮ: ಚಿಕ್ಕಮ್ಮ ಮಾತ್ರ ಆಗಲ್ಲ ಅಲ್ವಾ? ಉಪನಯನದ ದಿನ ನನ್ನ ಕಾಯಿ ಹೋಳಿಗೆ ಗಟ್ಟಿ ಅಂದವರು ಇದೇ ಗುಂಪಲ್ಲಿ ಇದ್ದಾರೆ. ನಾನಿನ್ನೂ ಮರ್ತಿಲ್ಲ.

ಹೀಗೆ ಶುರುವಾಯಿತು. ‘ಮೋಸ್ಟ್ ಹೈಯೆಸ್ಟ್’ ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವವಳು. ಪುಟ್ಟಿ ಅದನ್ನೇ ಬಾಯಿಪಾಠ ಮಾಡಿಬಿಟ್ಟರೆ ಎಂಬ ಚಿಂತೆ ನನಗೆ. ಟೈಪ್ ಮಾಡುವಷ್ಟರಲ್ಲಿ ಭಾವ ಬಂದರು.

ಮೈಸೂರು ಭಾವ: ಇದಕ್ಕೆ ಮೂಲ ಎಲ್ಲಿ? ಜೋಗ 253 ಮೀಟರ್. ಮೇಘಾಲಯದ ನೋಹ್‌ಕಲಿಕಾಯ್ ಸುಮಾರು 340 ಮೀಟರ್. ಮೊದಲ ವಾಕ್ಯವೇ ಸುಳ್ಳು.

ತೀರ್ಥಹಳ್ಳಿ ಚಿಕ್ಕಪ್ಪ: ಅಳಿಯಂದಿರೇ, ಜೋಗ ತೋರಿಸೋಕೆ ಕರ್ಕೊಂಡು ಹೋದಾಗಲೂ ‘ಇಷ್ಟೇನಾ ನೀರು’ ಅಂದವರು ನೀವು.

ಮೈಸೂರು ಭಾವ: ಬೇಸಿಗೇಲಿ ಕರ್ಕೊಂಡು ಹೋದ್ರೆ ಇನ್ನೇನು ಹೇಳ್ಲಿ ಮಾವ? ನೀರೆಲ್ಲ ಲಿಂಗನಮಕ್ಕಿ ಡ್ಯಾಮಲ್ಲಿತ್ತು.

ಡಲ್ಲಾಸ್ ಅಣ್ಣ: ಅಯ್ಯೋ ಜೋಗ! ಏಳನೇ ಕ್ಲಾಸಿನ ಟ್ರಿಪ್ಪು ನೆನಪಾಯ್ತು. ರಾಜ, ರಾಣಿ, ರೋರರ್, ರಾಕೆಟ್ ಅಂತ ಮೇಷ್ಟ್ರು ಕೈ ತೋರಿಸಿದ್ರು, ಮಂಜಲ್ಲಿ ಒಂದೂ ಕಾಣ್ಲಿಲ್ಲ. ಬುತ್ತೀಲಿ ಅಜ್ಜಿ ಕಟ್ಟಿದ ಚಿತ್ರಾನ್ನ. ಆ ರುಚಿ ಇನ್ನೆಲ್ಲೂ ಸಿಕ್ಕಿಲ್ಲ.

ಚಿಕ್ಕಮ್ಮ: ನೋಡಿ, ಇವನೂ ಹೇಳಿದ. ಈ ಮನೇಲಿ ಈಗ ಅಡುಗೆ ಮಾಡೋರು ಯಾರೂ ಲೆಕ್ಕಕ್ಕಿಲ್ಲ.

ನಾನು: ಚಿಕ್ಕಪ್ಪ, ಅದರಲ್ಲಿ ವ್ಯಾಕರಣದ ತಪ್ಪೂ ಇದೆ. ‘ಮೋಸ್ಟ್ ಹೈಯೆಸ್ಟ್’ ಅನ್ನಬಾರದು. ಹೈ, ಟಾಲ್, ಚೀಪ್ ತರದ ಚಿಕ್ಕ ಪದದ ಕೊನೆಗೆ ‘ಎಸ್ಟ್’. ಬ್ಯೂಟಿಫುಲ್, ಎಕ್ಸ್‌ಪೆನ್ಸಿವ್ ತರದ ಉದ್ದ ಪದಕ್ಕೆ ಮೊದಲು ‘ಮೋಸ್ಟ್’. ಎರಡನ್ನೂ ಒಂದೇ ಪದಕ್ಕೆ ಹಚ್ಚಬಾರದು. ಪುಟ್ಟಿ, ‘ಜೋಗ್ ಈಸ್ ಒನ್ ಆಫ್ ದಿ ಹೈಯೆಸ್ಟ್ ವಾಟರ್‌ಫಾಲ್ಸ್ ಇನ್ ಇಂಡಿಯಾ’ ಅನ್ನು. ಇಂಗ್ಲಿಷೂ ಸರಿ, ಭಾವ ಹೇಳಿದ ಲೆಕ್ಕಾನೂ ಸರಿ. ‘ಶಿ ಈಸ್ ಒನ್ ಆಫ್ ದಿ ಬೆಸ್ಟ್ ಕುಕ್ಸ್ ಇನ್ ಅವರ್ ಫ್ಯಾಮಿಲಿ’ ಅಂದ್ರೆ ಯಾರಿಗೂ ಬೇಜಾರಿಲ್ಲ.

ದೊಡ್ಡಮ್ಮ: ಆ ‘ಒನ್ ಆಫ್’ನಲ್ಲಿ ಮಿಕ್ಕವರು ಯಾರ್ಯಾರು?

ಇದಕ್ಕೆ ನಾನು ಉತ್ತರ ಕೊಡಲಿಲ್ಲ. ನಮ್ಮ ಮಕ್ಕಳು ಎಡವುವುದು ಎಲ್ಲಿ ಎಂದು ನನಗೆ ಗೊತ್ತು. ಕನ್ನಡದಲ್ಲಿ ‘ಎತ್ತರ’ ಬದಲಾಗದೆ ಹಾಗೇ ನಿಲ್ಲುತ್ತದೆ, ‘ಎಲ್ಲಕ್ಕಿಂತ’ ಅದರ ಮೊದಲಿಗೆ ಬಂದು ಕೂರುತ್ತದೆ. ಆ ರೂಢಿಯ ನಾಲಿಗೆಗೆ ‘ಮೋಸ್ಟ್’ ಸಲೀಸು, ‘ಮೋಸ್ಟ್ ಟಾಲ್’ ತಾನಾಗಿ ಬರುತ್ತದೆ. ಕನ್ನಡದಲ್ಲಿ ‘ದಿ’ ಇಲ್ಲದ್ದರಿಂದ ಅದೂ ಬಿಟ್ಟುಹೋಗುತ್ತದೆ. ಇದರಲ್ಲಿ ಮಕ್ಕಳ ದಡ್ಡತನ ಏನೇನೂ ಇಲ್ಲ. ಇಷ್ಟನ್ನು ಗುಂಪಿಗೆ ಬರೆಯೋಣ ಎನ್ನುವಾಗ ದೊಡ್ಡಪ್ಪನ ಉದ್ದನೆಯ ಸಂದೇಶ ಬಂತು.

ದೊಡ್ಡಪ್ಪ: ಎಲ್ಲರೂ ಸ್ವಲ್ಪ ತಾಳ್ಮೆಯಿಂದ ಓದಿ. ಈಗಿನವರಿಗೆ ಊಟ ಬೆಸ್ಟ್, ಫೋನ್ ಬೆಸ್ಟ್, ತಾನೇ ಬೆಸ್ಟ್. ಬಸವಣ್ಣನವರು ‘ಎನಗಿಂತ ಕಿರಿಯರಿಲ್ಲ’ ಅಂದರು. ನಮ್ಮಲ್ಲಿ ಸೂಪರ್‌ಲೇಟಿವ್ ಬಳಸಿದ್ದು ತಮ್ಮನ್ನು ತಗ್ಗಿಸಿಕೊಳ್ಳುವುದಕ್ಕೆ. ಇನ್ನೊಂದು ವಿಷಯ: ಜ್ಯೇಷ್ಠ, ಕನಿಷ್ಠ, ಗರಿಷ್ಠ ಪದಗಳ ‘ಇಷ್ಠ’ವೂ ಇಂಗ್ಲಿಷಿನ ‘ಎಸ್ಟ್’ ಕೂಡ ಒಂದೇ ಬೇರಿನವು.

ಮೈಸೂರು ಭಾವ: ಮೂಲ?

ದೊಡ್ಡಪ್ಪ: ಮದುವೆ ಮಾತುಕತೆಯ ದಿನ ಜಾತಕಕ್ಕೂ ಮೂಲ ಕೇಳಿದವರು ನೀವು.

ಮೈಸೂರು ಭಾವ: ಆ ಜಾತಕದಲ್ಲಿ ಹುಟ್ಟಿದ ವರ್ಷವೇ ತಪ್ಪಿತ್ತು ದೊಡ್ಡಪ್ಪ.

ದೊಡ್ಡಪ್ಪ ಹೇಳಿದ್ದು ನಿಜ. ಎರಡೂ ಇಂಡೋ-ಯುರೋಪಿಯನ್ ಮೂಲದ ಒಂದೇ ಪ್ರತ್ಯಯದಿಂದ ಬಂದವು. ಕನಿಷ್ಠ, ಗರಿಷ್ಠ ತಾಪಮಾನವನ್ನು ದಿನಾ ಕೇಳುವ ಮಕ್ಕಳಿಗೆ ‘ಎಸ್ಟ್’ ಅನ್ನು ಕಿವಿಗೆ ಹತ್ತಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಆದರೆ ಅಷ್ಟರಲ್ಲಿ ಮಾತು ಜಾತಕಕ್ಕೆ ಹೋಗಿತ್ತು. ಅಲ್ಲಿಂದ ಮದುವೆಯ ಛತ್ರಕ್ಕೆ, ಛತ್ರದಿಂದ ಮತ್ತೆ ಹೋಳಿಗೆಗೆ. ಈ ಗದ್ದಲದ ನಡುವೆ ಪುಟ್ಟಿಯ ಸಂದೇಶ ಬಂದಿದ್ದನ್ನು ಅವಳ ಅಪ್ಪನೂ ನೋಡಲಿಲ್ಲ.

ಪುಟ್ಟಿ: ಅಕ್ಕ, ಇದು ಸರಿನಾ? 1) ಐ ಆಮ್ ದಿ ಎಲ್ಡೆಸ್ಟ್ ಆಫ್ ಟೂ ಡಾಟರ್ಸ್. 2) ಮೈ ಗ್ರೇಟೆಸ್ಟ್ ಸ್ಟ್ರೆಂತ್ ಈಸ್ ಪೇಷನ್ಸ್. 3) ಕಾಸ್ಟಿಂಗ್ ವಾಸ್ ಒನ್ ಆಫ್ ದಿ ಟಫೆಸ್ಟ್ ಸಬ್ಜೆಕ್ಟ್.

ನಾನು: ಎರಡನೇದು ಪೂರ್ತಿ ಸರಿ. ‘ಮೈ’ ಇದ್ದಾಗ ‘ದಿ’ ಬೇಡ, ನೀನು ಹಾಕಿಲ್ಲ, ಒಳ್ಳೇದು. ಮೊದಲನೇದರಲ್ಲಿ ಇರೋದು ನೀವಿಬ್ಬರೇ, ಅದಕ್ಕೆ ‘ದಿ ಎಲ್ಡರ್ ಆಫ್ ಟೂ ಡಾಟರ್ಸ್’ ಅನ್ನು. ಮೂರು ಅಥವಾ ಹೆಚ್ಚು ಜನ ಇದ್ರೆ ‘ಎಲ್ಡೆಸ್ಟ್’. ಮೂರನೇದರಲ್ಲಿ ‘ಒನ್ ಆಫ್’ ಅಂದಮೇಲೆ ‘ಸಬ್ಜೆಕ್ಟ್ಸ್’ ಆಗ್ಬೇಕು, ಹಲವು ವಿಷಯಗಳಲ್ಲಿ ಒಂದು ತಾನೇ?

ಪುಟ್ಟಿ: ‘ಯುವರ್ ಗ್ರೇಟೆಸ್ಟ್ ವೀಕ್‌ನೆಸ್’ ಕೇಳಿದ್ರೆ?

ಸಾಗರದ ಅತ್ತೆ: ಸಿಟ್ಟು ಅನ್ನು. ನಿಮ್ಮಮ್ಮನ ಕಡೆಯಿಂದ ಬಂದಿದ್ದು.

ಚಿಕ್ಕಮ್ಮ: ಅತ್ತಿಗೆ!!

ನಾನು: ಪುಟ್ಟಿ, ನಿಜವಾಗಿ ಇರೋ ಒಂದು ಚಿಕ್ಕ ದೌರ್ಬಲ್ಯ ಹೇಳಿ, ಅದನ್ನ ತಿದ್ದಿಕೊಳ್ಳೋಕೆ ಏನು ಮಾಡ್ತಿದ್ದೀಯ ಅಂತ ಸೇರಿಸು. ಈಗ ಮೂರನೇ ವಾಕ್ಯ ವಾಯ್ಸ್ ಮೆಸೇಜಲ್ಲಿ ಹೇಳಿ ಕಳಿಸು.

ಕಳಿಸಿದಳು. ಧ್ವನಿ ಧೈರ್ಯವಾಗಿತ್ತು, ‘ಟಫೆಸ್ಟ್’ ಸ್ಪಷ್ಟವಾಗಿತ್ತು. ‘ಸಬ್ಜೆಕ್ಟ್ಸ್’ನ ಕೊನೆಯ ಸಕಾರ ಮಾತ್ರ ಕೇಳಿಸಲಿಲ್ಲ. ಗುಂಪು ಬಿಟ್ಟು ನೇರವಾಗಿ ಅವಳಿಗೇ ಕರೆ ಮಾಡಿದೆ.